ದಿಕ್ಕಿಲ್ಲದ ಹರೆಯಕ್ಕೆ ಒಬ್ಬ ಹಿರಿಯನ ಆಸರೆ

ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳನ್ನು ಎಳವೆಯಲ್ಲಿಯೇ ತಿದ್ದಬೇಕೆಂಬ ವಿವೇಕವು ಆ ಮಾತಿನಲ್ಲಿ ಅಡಗಿದೆ. ಆದರೆ ಗಿಡವನ್ನು ಹದವಾಗಿ ಬಗ್ಗಿಸಬೇಕಾದರೆ ಹತ್ತಿರದಲ್ಲಿ ಒಬ್ಬ ತೋಟಗಾರನು ಇರಬೇಕಷ್ಟೆ! ತಂದೆಯನ್ನು ಕಳೆದುಕೊಂಡೋ, ಮನೆಯ ಬಡತನವನ್ನು ತಾಳಲಾರದೆಯೋ, ಹಿರಿಯರ ಹೊಡೆತಕ್ಕೆ ಅಂಜಿಯೋ ರೈಲು ಹತ್ತಿ ಪರಸ್ಥಳಕ್ಕೆ ಬಂದಿಳಿದ ಹದಿನಾಲ್ಕು ಹದಿನೈದರ ಹುಡುಗನ ಪಾಲಿಗೆ ಆ ತೋಟಗಾರನು ಯಾರು? ಅನ್ನವನ್ನು ಹೇಗೋ ಸಂಪಾದಿಸಿಕೊಂಡಾನು. ಮಲಗಲು ಅಂಗಡಿಯ ಜಗಲಿಯಾದರೂ ದೊರೆತೀತು. ಆದರೆ ತಪ್ಪು ಮಾಡಿದಾಗ ತಿದ್ದಲು, ಸರಿ ಮಾಡಿದಾಗ ಭೇಷ್ ಎನ್ನಲು, ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ತನ್ನವನೆಂಬ ಒಬ್ಬ ಹಿರಿಯನು ಅವನಿಗೆ ಎಲ್ಲಿ ದೊರೆತಾನು?

ಮುಂಬಯಿಯಂತಹ ನಗರದಲ್ಲಿ ಬಾಳು ಕಟ್ಟಿಕೊಂಡ ನಮಗೆ ಈ ಪ್ರಶ್ನೆ ಹೊಸತಲ್ಲ. ಹೊಟ್ಟೆಪಾಡಿಗಾಗಿ ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಬಂದವರ ಕಥೆಯು ನಮ್ಮಲ್ಲಿ ಮನೆಮನೆಯಲ್ಲಿಯೂ ಉಂಟು. ಆದುದರಿಂದಲೇ, ಇದೇ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಇಟಲಿಯಲ್ಲಿ ಓರ್ವ ಕ್ರೈಸ್ತ ಪಾದ್ರಿಯು ಕಂಡುಕೊಂಡ ಉತ್ತರವನ್ನು, ಆ ಉತ್ತರವು ನಮ್ಮ ದೇಶದವರೆಗೂ ನಡೆದು ಬಂದ ಬಗೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಕಾಫಿ ಅಂಗಡಿಯ ಹುಡುಗ

ಜಾನ್ ಬಾಸ್ಕೋ 1815ನೆಯ ಇಸವಿ ಆಗಸ್ಟ್ 16ರಂದು ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಎಂಬ ಕುಗ್ರಾಮದಲ್ಲಿ ಒಂದು ಬಡ ಒಕ್ಕಲುಮನೆಯಲ್ಲಿ ಜನಿಸಿದರು. ಎರಡು ವರ್ಷ ತುಂಬುವುದರೊಳಗಾಗಿ ತಂದೆ ತೀರಿಕೊಂಡರು. ತಾಯಿ ಮಾರ್ಗರಿಟಾ ಅಕ್ಷರ ಬಲ್ಲವಳಲ್ಲ. ಆದರೆ ಮನೆತನವನ್ನು ಎತ್ತಿ ನಿಲ್ಲಿಸಿದ ಗಟ್ಟಿಗಿತ್ತಿ. ಹುಡುಗನಿಗೆ ಓದಿನ ಹುಚ್ಚು. ಮಲ ಅಣ್ಣನಿಗೆ ಅದು ಸೇರದು. ಮನೆಯಲ್ಲಿ ಕಲಹ ಬೆಳೆದುದರಿಂದ ಹನ್ನೆರಡರ ಬಾಲಕನನ್ನು ತಾಯಿಯೇ ಕಣ್ಣೀರಿನೊಡನೆ ಬೇರೆಯವರ ಹೊಲಮನೆಗೆ ಚಾಕರಿಗೆ ಕಳುಹಿಸಬೇಕಾಯಿತು. ಸುಮಾರು ಎರಡು ವರ್ಷ ಅವರು ಅಲ್ಲಿ ಆಳಾಗಿ ದುಡಿದರು.

ಮುಂದೆ ಕಿಯೇರಿ ಎಂಬ ಪಟ್ಟಣದಲ್ಲಿ ಓದುತ್ತಿದ್ದಾಗ ಊಟ ವಸತಿಗೆ ದಾರಿಯಿಲ್ಲದೆ ಅವರು ಸೇರಿದುದು ಒಂದು ಕಾಫಿ ಅಂಗಡಿಯನ್ನು! ಗಿರಾಕಿಗಳಿಗೆ ಕಾಫಿ ಒದಗಿಸುವುದು, ಅಂಗಡಿಯನ್ನು ನೋಡಿಕೊಳ್ಳುವುದು, ರಾತ್ರಿ ಮೆಟ್ಟಲ ಅಡಿಯ ಇಕ್ಕಟ್ಟಾದ ಜಾಗದಲ್ಲಿ ಮೈಚಾಚುವುದು, ಉಳಿದ ಹೊತ್ತಿನಲ್ಲಿ ದೀಪದ ಬೆಳಕಿನಲ್ಲಿ ಓದುವುದು. ಕಾಫಿ, ಮಿಠಾಯಿ, ಐಸ್‌ಕ್ರೀಂಗಳ ತಯಾರಿಯನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಓದು ಬಿಟ್ಟು ಈ ಕಸುಬಿನಲ್ಲಿಯೇ ನಿಲ್ಲುವುದಾದರೆ ಒಳ್ಳೆಯ ಸಂಬಳ ಕೊಡುವೆನೆಂದು ಮಾಲಕನು ಕರೆದನಂತೆ. ಹೋಟೆಲಿನ ಗಲ್ಲಾದ ಹಿಂದೆ ಬಹುಕಾಲ ಕುಳಿತು ಬಂದ ಈ ಲೇಖಕನಿಗೆ, ಆ ಮಹಾನುಭಾವರ ಚರಿತ್ರೆಯಲ್ಲಿ ಇದಕ್ಕಿಂತ ಹತ್ತಿರವಾದ ಪುಟ ಮತ್ತೊಂದಿಲ್ಲ. ಮೆಟ್ಟಲಡಿಯಲ್ಲಿ ಮಲಗುವ ಹುಡುಗನ ಮನಸ್ಸು ಏನೆಂಬುದನ್ನು ಅವರು ಗ್ರಂಥಗಳಿಂದ ತಿಳಿದವರಲ್ಲ, ಮಲಗಿ ತಿಳಿದವರು.

ಟ್ಯೂರಿನ್ನಿನ ಬೀದಿಗಳಲ್ಲಿ

1841ರ ಜೂನ್ ತಿಂಗಳಲ್ಲಿ ಅವರು ಪಾದ್ರಿಯಾಗಿ ದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದರು. ಆ ದೇಶದಲ್ಲಿ ಪಾದ್ರಿಗಳ ಹೆಸರಿನ ಹಿಂದೆ 'ಡಾನ್' ಎಂಬ ಗೌರವದ ಪದವನ್ನು ಸೇರಿಸುವುದು ವಾಡಿಕೆಯಾದುದರಿಂದ ಲೋಕವು ಅವರನ್ನು ಡಾನ್ ಬಾಸ್ಕೋ ಎಂದೇ ಅರಿಯುತ್ತದೆ. ಆಗ ಆ ನಗರವು ಬೆಳೆಯುತ್ತಿದ್ದ ಕಾಲ. ಎಲ್ಲೆಲ್ಲಿಯೂ ಕಟ್ಟಡಗಳು ಏಳುತ್ತಿದ್ದವು. ಗುಡ್ಡಗಾಡಿನ ಹಳ್ಳಿಗಳಿಂದ ಹುಡುಗರು ಗುಂಪುಗುಂಪಾಗಿ ಬಂದು ಗಾರೆಯವರಿಗೆ ಕಲ್ಲುಮಣ್ಣು ಹೊರುತ್ತಿದ್ದರು. ಹೊಗೆಗೂಡುಗಳನ್ನು ಇಳಿದು ಗುಡಿಸುತ್ತಿದ್ದರು. ಕೆಲಸವಿದ್ದ ದಿನ ಅನ್ನ; ಇಲ್ಲದ ದಿನ ಬೀದಿ, ಜೂಜು, ಕಳವು, ಕಡೆಗೆ ಸೆರೆಮನೆ.

ಕಫಾಸೋ ಎಂಬ ಹಿರಿಯ ಪಾದ್ರಿಗಳು ಈ ತರುಣನನ್ನು ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟರವರೆಗಿನ, ಮೈಯಲ್ಲಿ ಕಸುವೂ ತಲೆಯಲ್ಲಿ ಚುರುಕೂ ಉಳ್ಳ ಹುಡುಗರು ಹೇನು ಕೊರೆತದ ನಡುವೆ ಕೊಳೆಯುತ್ತಿದ್ದುದನ್ನು ಕಂಡು ಡಾನ್ ಬಾಸ್ಕೋ ನಡುಗಿದರು. ಇನ್ನೊಂದು ಸಂಗತಿಯು ಅವರನ್ನು ಅದಕ್ಕಿಂತಲೂ ಹೆಚ್ಚಾಗಿ ಕಾಡಿತು. ಶಿಕ್ಷೆ ಮುಗಿದು ಹೊರಗೆ ಹೋದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಕಾರಣವನ್ನು ಬೆದಕಿದಾಗ ಕಂಡುದು ಇಷ್ಟೆ: ಹೊರಗೆ ಅವರಿಗಾಗಿ ಕಾದಿರುವವರು ಯಾರೂ ಇರಲಿಲ್ಲ. ಸೆರೆಮನೆಯ ಬಾಗಿಲಿನಾಚೆ ಒಬ್ಬ ಮಿತ್ರನು ನಿಂತಿದ್ದರೆ ಇವರಲ್ಲಿ ಎಷ್ಟು ಮಂದಿ ಒಳಗೆ ಬರುವುದೇ ತಪ್ಪುತ್ತಿತ್ತು ಎಂಬ ಯೋಚನೆಯೇ ಅವರ ಮುಂದಿನ ಬಾಳಿಗೆಲ್ಲ ಬೀಜವಾಯಿತು.

ಆ ವರ್ಷ ಡಿಸೆಂಬರ್ 8ರಂದು ನಡೆದ ಒಂದು ಚಿಕ್ಕ ಪ್ರಸಂಗವನ್ನು ಅವರ ಅನುಯಾಯಿಗಳು ಇಂದಿಗೂ ತಮ್ಮ ಕಾರ್ಯದ ಜನ್ಮದಿನವೆಂದು ಸ್ಮರಿಸುತ್ತಾರೆ. ಪೂಜೆಗೆ ಅಣಿಯಾಗುತ್ತಿದ್ದ ಕೋಣೆಗೆ ಹದಿನಾರರ ಒಬ್ಬ ಹುಡುಗನು ಚಳಿಗೆ ಬಂದು ನಿಂತಿದ್ದನು. ಹೆಸರು ಬಾರ್ತೊಲೊಮಿಯೋ ಗರೆಲ್ಲಿ, ಗಾರೆಕೆಲಸದವನು. ಪೂಜೆಗೆ ನೆರವಾಗಲು ಅವನಿಗೆ ಬಾರದೆಂದು ತಿಳಿದ ಇಗರ್ಜಿಯ ಪರಿಚಾರಕನು ಕೋಲು ತೆಗೆದುಕೊಂಡು ಅವನನ್ನು ಹೊಡೆದಟ್ಟಿದನು. ಡಾನ್ ಬಾಸ್ಕೋ ಕೂಡಲೇ ತಡೆದು, ಆ ಹುಡುಗನು ತನ್ನ ಸ್ನೇಹಿತನೆಂದು ಹೇಳಿ ಹಿಂದಕ್ಕೆ ಕರೆಯಿಸಿದರು. ಪೂಜೆಯಾದ ಬಳಿಕ ವಿಚಾರಿಸಿದರೆ ತಂದೆ ಇಲ್ಲ, ತಾಯಿ ಇಲ್ಲ, ಓದು ಬಾರದು, ಬರಹ ಬಾರದು. ಎಲ್ಲಕ್ಕೂ 'ಇಲ್ಲ' ಎಂದೇ ಉತ್ತರ. ಆಗ ಅವರು, ಸಿಳ್ಳು ಹಾಕಲಾದರೂ ಬರುತ್ತದೆಯೇ ಎಂದು ಕೇಳಿದರೆಂದೂ, ಹುಡುಗನು ಮೊದಲ ಬಾರಿಗೆ ನಕ್ಕನೆಂದೂ ಪ್ರತೀತಿ.

ಈ ಪ್ರಸಂಗವು ಎಷ್ಟು ಸಣ್ಣದೋ ಅದರ ಅರ್ಥವು ಅಷ್ಟೇ ದೊಡ್ಡದು. ಪರಿಚಾರಕನು ಕಂಡುದು ಹುಡುಗನಿಗೆ ಬಾರದ ವಿದ್ಯೆಯನ್ನು. ಪಾದ್ರಿಯು ಹುಡುಕಿದುದು ಅವನಿಗೆ ಬರುವ ವಿದ್ಯೆಯನ್ನು. ಮುಂದಿನ ಭಾನುವಾರ ಗರೆಲ್ಲಿಯು ತನ್ನ ಜೊತೆಗಾರರನ್ನೂ ಕರೆತಂದನು. ಎರಡು ತಿಂಗಳೊಳಗೆ ಸುಮಾರು ಇಪ್ಪತ್ತು ಮಂದಿಯಾದರು.

ಕಂಬಳಿಯೊಡನೆ ಮಾಯವಾದವರು

ಇಷ್ಟರಿಂದ ಎಲ್ಲವೂ ಸುಗಮವಾಯಿತೆಂದು ತಿಳಿಯಲಾಗದು. ನೂರಾರು ಹುಡುಗರ ಗದ್ದಲವನ್ನು ಸಹಿಸುವ ನೆರೆಹೊರೆಯವರು ಯಾರಿದ್ದಾರೆ? ಒಂದು ಸ್ಥಳದಿಂದ ಇನ್ನೊಂದಕ್ಕೆ ಅಟ್ಟಿಸಿಕೊಳ್ಳುತ್ತ ಅವರು ವರ್ಷಗಟ್ಟಲೆ ಅಲೆದರು. ನಗರದ ಅಧಿಕಾರಿಗಳಿಗೆ ಈ ಗುಂಪಿನ ಮೇಲೆ ಅನುಮಾನ. ಜೊತೆಯ ಪಾದ್ರಿಗಳಲ್ಲಿ ಕೆಲವರಿಗೆ ಈತನ ತಲೆ ಕೆಟ್ಟಿತೇ ಎಂಬ ಸಂಶಯ. ಕೊನೆಗೆ 1846ರ ಈಸ್ಟರ್ ಹಬ್ಬದ ದಿನ ವಾಲ್ಡೊಕ್ಕೊ ಎಂಬ ಹೊರವಲಯದಲ್ಲಿ ಒಂದು ತಗ್ಗು ಸೂರಿನ ಕೊಟ್ಟಿಗೆಯು ಬಾಡಿಗೆಗೆ ದೊರೆಯಿತು. ಅದೇ ವರ್ಷ ನವೆಂಬರಿನಲ್ಲಿ ತಾಯಿ ಮಾರ್ಗರಿಟಾ ಹಳ್ಳಿಯ ಮನೆಯನ್ನು ಬಿಟ್ಟು ಮಗನ ಬಳಿಗೆ ಬಂದು, ಆ ದಿಕ್ಕಿಲ್ಲದ ಹುಡುಗರಿಗೆಲ್ಲ ತಾಯಿಯಾದಳು.

ರಾತ್ರಿ ತಂಗಲು ಜಾಗವಿಲ್ಲದ ಕೆಲವು ಹುಡುಗರನ್ನು ಅವರು ಒಮ್ಮೆ ಹುಲ್ಲಟ್ಟದ ಮೇಲೆ ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಹುಡುಗರೂ ಇಲ್ಲ, ಹೊದಿಸಿದ ಕಂಬಳಿಗಳೂ ಇಲ್ಲ! ಲೋಕದ ಜನರಾಗಿದ್ದರೆ, 'ಈ ಜಾತಿಗೆ ಉಪಕಾರ ಮಾಡಬಾರದು' ಎಂದು ಅಂದೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ 1847ರ ಮೇ ತಿಂಗಳ ಒಂದು ರಾತ್ರಿ ಮಳೆಯಲ್ಲಿ ತೊಯ್ದು ತೊಪ್ಪೆಯಾದ ಅನಾಥ ಹುಡುಗನೊಬ್ಬನು ಬಾಗಿಲು ತಟ್ಟಿದಾಗ ತಾಯಿಯೂ ಮಗನೂ ಮತ್ತೆ ಬಾಗಿಲು ತೆರೆದರು. ಅಡಿಗೆಮನೆಯಲ್ಲಿಯೇ ಇಟ್ಟಿಗೆಗಳ ಮೇಲೆ ಹಲಗೆ ಹಾಸಿ ಮಂಚ ಮಾಡಿ ಮಲಗಿಸಿದರು. ಮಲಗುವ ಮುನ್ನ ಆ ತಾಯಿ ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿಗಳ ಕುರಿತು ನಾಲ್ಕು ಮೆಲುನುಡಿಗಳನ್ನು ಆಡಿದಳು. ರಾತ್ರಿ ಮಲಗುವಾಗ ಹಿರಿಯರು ಮಕ್ಕಳಿಗೆ ಒಂದು ಹಿತವಚನ ಹೇಳುವ ರೂಢಿಯು ಅವರ ಸಂಸ್ಥೆಗಳಲ್ಲಿ ಅಂದಿನಿಂದ ನಡೆದು ಬಂದಿದೆ.

ಛಾಪಾಕಾಗದದ ಮೇಲಿನ ವಾತ್ಸಲ್ಯ

ಉಪದೇಶ ಮಾಡುವವರು ಲೋಕದಲ್ಲಿ ಹೇರಳ. ಡಾನ್ ಬಾಸ್ಕೋ ಅವರ ಹಿರಿಮೆಯು ಉಪದೇಶದಲ್ಲಿ ನಿಲ್ಲಲಿಲ್ಲ. ಹುಡುಗರು ದುಡಿಯುತ್ತಿದ್ದ ಸ್ಥಳಗಳಿಗೆ ಅವರೇ ಹೋಗಿ ನೋಡಿದರು. ಕಸುಬು ಕಲಿಸುವೆನೆಂದು ಸೇರಿಸಿಕೊಂಡ ಯಜಮಾನನು ಮನೆಗೆಲಸಕ್ಕೆ ಹಚ್ಚುವುದು, ಹೊಡೆಯುವುದು, ಹಬ್ಬದ ದಿನವೂ ಬಿಡುವು ಕೊಡದಿರುವುದು, ಇವೆಲ್ಲ ಅಲ್ಲಿ ಸಾಮಾನ್ಯವಾಗಿದ್ದವು. ಇದಕ್ಕೆ ಅವರು ಹೂಡಿದ ಉಪಾಯವು ವ್ಯಾಪಾರಿಗಳಿಗೂ ಒಪ್ಪುವಂತಹುದು: ಛಾಪಾಕಾಗದದ ಮೇಲೆ ಕರಾರು!

1851-52ರ ಸುಮಾರಿನ ಇಂತಹ ಕರಾರುಪತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದು 1852ರ ಫೆಬ್ರವರಿಯಲ್ಲಿ ಓರ್ವ ಬಡಗಿ ಯಜಮಾನನೊಡನೆ ಆದುದು. ಹುಡುಗನಿಗೆ ಕಸುಬನ್ನು ಸಂಪೂರ್ಣವಾಗಿ ಕಲಿಸತಕ್ಕದ್ದು. ಕಸುಬಿಗೆ ಹೊರತಾದ ಚಾಕರಿಗಳಿಗೆ ಹಚ್ಚಕೂಡದು. ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈಯೆತ್ತಕೂಡದು. ಹಬ್ಬ ಹರಿದಿನಗಳಲ್ಲಿ ಬಿಡುವು ಕೊಡತಕ್ಕದ್ದು. ಕಲಿತಂತೆಲ್ಲ ಕೂಲಿಯನ್ನು ಏರಿಸತಕ್ಕದ್ದು. ಇತ್ತ ಹುಡುಗನೂ ಶ್ರದ್ಧೆಯಿಂದ, ವಿಧೇಯತೆಯಿಂದ ಕಲಿಯುವೆನೆಂದು ಮಾತು ಕೊಡಬೇಕು. ಅವನ ನಡತೆಗೆ ಡಾನ್ ಬಾಸ್ಕೋ ತಾವೇ ಹೊಣೆ ನಿಲ್ಲುತ್ತಿದ್ದರು. ಕೆಳಗೆ ಎಲ್ಲರ ಸಹಿ.

ವಾಚಕರು ಈ ಷರತ್ತುಗಳನ್ನು ಮತ್ತೊಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇನೆ. ಬಾಲಕಾರ್ಮಿಕರ ಕುರಿತು ಸರಿಯಾದ ಕಾನೂನೇ ಇಲ್ಲದ ಕಾಲದಲ್ಲಿ, ಅಧಿಕಾರವಾಗಲೀ ಐಶ್ವರ್ಯವಾಗಲೀ ಇಲ್ಲದ ಓರ್ವ ಪಾದ್ರಿಯು ಕರುಣೆಯನ್ನು ಕಾಗದಕ್ಕೆ ಇಳಿಸಿದನು. ಹುಡುಗನ ಮೇಲೆ ಪ್ರೀತಿಯಿದೆಯೆಂದು ಬಾಯಲ್ಲಿ ಹೇಳುವುದು ಸುಲಭ. ಆ ಪ್ರೀತಿಯಿಂದ ನಾನು ಇಂತಿಂತಹ ಕಟ್ಟಿಗೆ ಒಳಪಡುತ್ತೇನೆಂದು ರುಜು ಹಾಕುವುದು ಕಷ್ಟ. ಹರೆಯದವರ ಸೇವೆಯು ನಿಜವೋ ಬೂಟಾಟಿಕೆಯೋ ಎಂಬುದು ಆ ರುಜುವಿನಿಂದಲೇ ತಿಳಿಯುತ್ತದೆ.

ಬಳಿಕ ಅವರು ತಮ್ಮಲ್ಲಿಯೇ ಕಾರ್ಯಶಾಲೆಗಳನ್ನು ತೆರೆದರು. 1853ರಲ್ಲಿ ಚಪ್ಪಲಿ ಹೊಲಿಗೆ ಮತ್ತು ದರ್ಜಿ ಕೆಲಸ, ಮುಂದಿನ ವರ್ಷ ಪುಸ್ತಕ ಕಟ್ಟುವಿಕೆ, ಆಮೇಲೆ ಬಡಗಿ, ಅಚ್ಚು ಮತ್ತು ಕಬ್ಬಿಣದ ಕೆಲಸಗಳು. 1859ರ ಡಿಸೆಂಬರಿನಲ್ಲಿ, ತಾವು ಬೆಳೆಸಿದ ತರುಣರನ್ನೇ ಮುಂದಿಟ್ಟುಕೊಂಡು ಸಲೇಶಿಯನ್ ಸಭೆಯನ್ನು ಸ್ಥಾಪಿಸಿದರು. 1877ರಲ್ಲಿ ತಮ್ಮ ಶಿಕ್ಷಣ ಪದ್ಧತಿಯನ್ನು ಒಂದು ಕಿರು ಪ್ರಬಂಧವಾಗಿ ಬರೆದರು. ತಪ್ಪು ನಡೆದ ಮೇಲೆ ದಂಡಿಸುವುದು ಒಂದು ಬಗೆ. ತಪ್ಪು ನಡೆಯದಂತೆ ಜೊತೆಗಿದ್ದು ಕಾಯುವುದು ಇನ್ನೊಂದು ಬಗೆ. ಅವರು ಆರಿಸಿಕೊಂಡುದು ಎರಡನೆಯದನ್ನು. ಅದಕ್ಕೆ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಕಂಬಗಳು. ಹುಡುಗರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆಂದು ಅವರಿಗೆ ಅರಿವಾಗಬೇಕೆಂಬುದು 1884ರಲ್ಲಿ ರೋಮಿನಿಂದ ಬರೆದ ಕಾಗದದಲ್ಲಿ ಅವರು ಒತ್ತಿ ಹೇಳಿದ ವಿಚಾರ. 1888ರ ಜನವರಿ 31ರಂದು ಅವರು ಕಾಲವಾದರು. 1934ರಲ್ಲಿ ರೋಮಿನ ಧರ್ಮಸಭೆಯು ಅವರನ್ನು ಸಂತರ ಸಾಲಿಗೆ ಸೇರಿಸಿತು.

ಹಿರಿಯಣ್ಣಂದಿರ ಚಳವಳಿ

ಕ್ರೈಸ್ತ ಸಮಾಜದಲ್ಲಿ ಈ ದಾರಿ ಹಿಡಿದವರು ಡಾನ್ ಬಾಸ್ಕೋ ಒಬ್ಬರೇ ಅಲ್ಲ. 1844ರಲ್ಲಿ ಲಂಡನ್ನಿನ ಜವಳಿ ಅಂಗಡಿಯೊಂದರ ನೌಕರನಾಗಿದ್ದ ಜಾರ್ಜ್ ವಿಲಿಯಮ್ಸ್ ತನ್ನಂತೆಯೇ ಹಳ್ಳಿಯಿಂದ ಬಂದು ಅಂಗಡಿಗಳಲ್ಲಿ ದುಡಿಯುತ್ತಿದ್ದ ತರುಣರನ್ನು ಕೂಡಿಸಿ ವೈ.ಎಂ.ಸಿ.ಎ. ಸಂಸ್ಥೆಯನ್ನು ಹುಟ್ಟುಹಾಕಿದನು. 1904ರಲ್ಲಿ ನ್ಯೂಯಾರ್ಕಿನ ಬಾಲ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೂಲ್ಟರ್ ಒಂದು ಇಗರ್ಜಿಯ ಗಂಡಸರ ಕೂಟದಲ್ಲಿ ಭಾಷಣ ಮಾಡಿ, ಕಟಕಟೆಗೆ ಬರುವ ಪ್ರತಿಯೊಬ್ಬ ಹುಡುಗನಿಗೂ ಒಬ್ಬ ಸಜ್ಜನನು ಹಿರಿಯಣ್ಣನಾಗಬಾರದೇ ಎಂದು ಕೇಳಿದಾಗ, ಅಲ್ಲಿಯೇ ಸುಮಾರು ನಲವತ್ತು ಮಂದಿ ಮುಂದೆ ಬಂದರು. ಅಮೆರಿಕದ 'ಬಿಗ್ ಬ್ರದರ್ಸ್' ಚಳವಳಿಯ ಮೂಲ ಅದು. ಮುಂದೆ ಅದು ಜಾತಿಮತಗಳ ಎಲ್ಲೆಯನ್ನು ದಾಟಿ ಬೆಳೆಯಿತು.

ಈ ಸ್ನೇಹದಿಂದ ನಿಜಕ್ಕೂ ಪ್ರಯೋಜನವಾಗುತ್ತದೆಯೇ ಎಂದು ಸಂಶೋಧಕರು ಅಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿರಿಯ ಮಿತ್ರನೊಬ್ಬನು ದೊರೆತ ಮಕ್ಕಳಲ್ಲಿ ಮಾದಕ ವಸ್ತುಗಳ ಚಟಕ್ಕೆ ಕೈಹಾಕುವವರ ಪ್ರಮಾಣವು ಇತರರಿಗಿಂತ ಶೇಕಡಾ 46ರಷ್ಟು ಕಡಿಮೆಯಾಗಿತ್ತು. 2002ರಲ್ಲಿ ಹೊರಬಂದ ಇನ್ನೊಂದು ವಿಶ್ಲೇಷಣೆಯು ಅಷ್ಟೇ ಮುಖ್ಯವಾದ ಎಚ್ಚರಿಕೆಯನ್ನು ಕೊಟ್ಟಿತು. ವರ್ಷಕ್ಕೆ ಮೀರಿ ಬಾಳಿದ ಸ್ನೇಹದಿಂದ ಮಕ್ಕಳಿಗೆ ಹೆಚ್ಚಿನ ಒಳಿತಾಯಿತು. ಮೂರು ತಿಂಗಳೊಳಗೆ ಮುರಿದು ಬಿದ್ದ ಸ್ನೇಹದಿಂದ ಅವರ ಆತ್ಮವಿಶ್ವಾಸವು ಮೊದಲಿಗಿಂತಲೂ ಕುಗ್ಗಿತು. ಒಮ್ಮೆ ಕೈಬಿಟ್ಟು ಹೋದವರನ್ನು ಕಂಡ ಹುಡುಗನಿಗೆ ಇನ್ನೊಬ್ಬರೂ ಕೈಬಿಟ್ಟುದು ಗಾಯದ ಮೇಲೆ ಬರೆ ಎಳೆದಂತೆ. ಆದುದರಿಂದ ಉತ್ಸಾಹದ ಭರದಲ್ಲಿ ನಾಲ್ಕು ದಿನ ಬಂದು ಫೋಟೋ ಹಿಡಿಸಿಕೊಂಡು ಮರೆಯಾಗುವ ಸಮಾಜಸೇವಕರು ಬಾರದಿರುವುದೇ ಲೇಸು.

ನಮ್ಮ ದೇಶದಲ್ಲಿ

ಸಲೇಶಿಯನ್ನರು ಭಾರತಕ್ಕೆ ಬಂದುದು 1906ರಲ್ಲಿ. ಮೊದಲ ನೆಲೆ ತಂಜಾವೂರು. ಮುಂಬಯಿಯ ಮಾಟುಂಗದ ಅವರ ಶಾಲೆಯು ನಮ್ಮವರಿಗೆಲ್ಲ ಪರಿಚಿತವಾದುದು. ಆದರೆ ಡಾನ್ ಬಾಸ್ಕೋ ಅವರ ಮೂಲ ಹುಡುಗರನ್ನು, ಎಂದರೆ ಬೀದಿಯ ಹುಡುಗರನ್ನು ನೇರವಾಗಿ ಮುಟ್ಟಿದುದು ಬೆಂಗಳೂರಿನಲ್ಲಿ 1980ರಲ್ಲಿ ಮೊದಲಾದ 'ಬಾಸ್ಕೋ' ಸಂಸ್ಥೆ ಮತ್ತು 1987ರಲ್ಲಿ ಮುಂಬಯಿಯ ವಡಾಲದಲ್ಲಿ ತೆರೆದ 'ಶೆಲ್ಟರ್'. ಅದಕ್ಕೂ ಮೊದಲೇ, 1962ರಲ್ಲಿ, ಯೇಸುಸಭೆಯ ಪಾದ್ರಿಗಳು ಇದೇ ನಗರದಲ್ಲಿ 'ಸ್ನೇಹಸದನ'ವನ್ನು ಸ್ಥಾಪಿಸಿ, ದೊಡ್ಡ ಅನಾಥಾಲಯದ ಬದಲು ಸಂಸಾರದಂತೆ ಬಾಳುವ ಸಣ್ಣ ಸಣ್ಣ ಮನೆಗಳ ಪದ್ಧತಿಯನ್ನು ತಂದಿದ್ದರು.

ಇಂತಹ ಸಂಸ್ಥೆಗಳ ಕಾರ್ಯಕರ್ತರು ಹುಡುಗನು ಬಾಗಿಲಿಗೆ ಬರಲೆಂದು ಕಾಯುವುದಿಲ್ಲ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮುಗಳಿಗೆ ತಾವೇ ಹೋಗುತ್ತಾರೆ. ಮನೆ ಬಿಟ್ಟು ಬಂದವನನ್ನು ದಲಾಲರು, ದುಷ್ಟರು ಕಾಣುವ ಮೊದಲೇ ಕಾಣಬೇಕೆಂಬುದು ಅವರ ಹಟ. ಮೊದಲು ಸ್ನಾನ, ಊಟ, ನಿದ್ರೆ, ಬಳಿಕ ಮಾತು. ಸಾಧ್ಯವಾದರೆ ತಂದೆತಾಯಿಗಳ ಬಳಿಗೆ ಮರಳಿಸುವುದು. ಆಗದಿದ್ದರೆ ಶಾಲೆ ಅಥವಾ ಕಸುಬು. ಕಷ್ಟದಲ್ಲಿರುವ ಮಗುವಿಗಾಗಿ ಯಾರು ಬೇಕಾದರೂ ಕರೆಯಬಹುದಾದ 1098 ಎಂಬ ಸಹಾಯವಾಣಿಯೂ 1996ರಲ್ಲಿ ಮೊದಲಾದುದು ಈ ಮುಂಬಯಿಯಲ್ಲಿಯೇ.

ಎರಡು ಶಂಕೆಗಳು

ಇಷ್ಟು ಬರೆದ ಮೇಲೆ ಅನೇಕರ ಮನಸ್ಸಿನಲ್ಲಿರುವ ಎರಡು ಶಂಕೆಗಳನ್ನು ಮುಚ್ಚಿಡುವುದು ನ್ಯಾಯವಲ್ಲ.

ಒಂದನೆಯದು ಮತದ ವಿಚಾರ. ಡಾನ್ ಬಾಸ್ಕೋ ಅವರ ಕಾರ್ಯಕ್ಕೆ ಧರ್ಮಶ್ರದ್ಧೆಯೇ ಬೇರು. ಟ್ಯೂರಿನ್ನಿನ ಹುಡುಗರು ಕ್ರೈಸ್ತರೇ ಆಗಿದ್ದರು. ಬಹು ಮತಗಳ ನಮ್ಮ ನಾಡಿನಲ್ಲಿ ಬೀದಿಯ ಹುಡುಗನು ಯಾವ ಮನೆಯವನೋ ಯಾರು ಬಲ್ಲರು? ಹಸಿದವನಿಗೆ ಬಡಿಸಿದ ಅನ್ನಕ್ಕೆ ಪ್ರತಿಯಾಗಿ ಅವನ ದೇವರನ್ನು ಕೇಳಕೂಡದು. ತಂದೆತಾಯಿಗಳ ನಂಬಿಕೆಯನ್ನು ಗೌರವಿಸಿ ಸೇವೆ ಮಾಡುವವರನ್ನು, ಅವರ ಕೊರಳಲ್ಲಿ ಶಿಲುಬೆಯಿದೆಯೆಂದು ದೂರ ಇಡುವುದೂ ಸಲ್ಲದು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಮಕ್ಕಳ ಕಾವಲಿಗೆ ನಿಂತವರೇ ಮಕ್ಕಳನ್ನು ಪೀಡಿಸಿದ ಘೋರ ಕಥೆಗಳು ಕ್ರೈಸ್ತ ಧರ್ಮಸಭೆಯ ಒಳಗಿನಿಂದಲೇ ಹೊರಬಿದ್ದಿವೆ. ಐರ್ಲೆಂಡಿನಲ್ಲಿ ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಕೈಗಾರಿಕಾ ಶಾಲೆಗಳಲ್ಲಿ ದಶಕಗಳ ಕಾಲ ನಡೆದ ಹಿಂಸೆಯನ್ನೂ ಲೈಂಗಿಕ ದೌರ್ಜನ್ಯವನ್ನೂ ಸರಕಾರದ ತನಿಖಾ ಆಯೋಗವು 2009ರಲ್ಲಿ ಬಯಲಿಗೆಳೆಯಿತು. ಈ ಪಾಪವು ಒಂದು ಮತದ ಸೊತ್ತಲ್ಲ. ದಿಕ್ಕಿಲ್ಲದ ಮಗುವಿನ ಮೇಲೆ ಪ್ರಶ್ನಿಸಲಾಗದ ಅಧಿಕಾರವು ಎಲ್ಲಿದೆಯೋ ಅಲ್ಲೆಲ್ಲ ಅದಕ್ಕೆ ಎಡೆಯುಂಟು. ಆದುದರಿಂದ ಕಾವಿಯಾಗಲೀ ನಿಲುವಂಗಿಯಾಗಲೀ ಪರೀಕ್ಷೆಗೆ ಹೊರತಾಗಬಾರದು. ಹಿರಿಯ ಮಿತ್ರನು ಹುಡುಗನನ್ನು ಕಾಣುವುದು ನಾಲ್ವರು ನೋಡುವ ಸ್ಥಳದಲ್ಲಿರಬೇಕು. ಹುಡುಗನ ದೂರನ್ನು ಕೇಳಲು ಇನ್ನೊಬ್ಬರು ಇರಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆಯು ವಿಧಿಸಿದೆ. ಸಂಸ್ಥೆಯ ಮಾನ ಉಳಿಸುವ ನೆಪದಲ್ಲಿ ಬಾಯಿ ಮುಚ್ಚುವುದು ಈಗ ಕಾನೂನಿಗೂ ಅಪರಾಧ.

ನಮ್ಮ ಪಾಲಿನ ಕರ್ತವ್ಯ

ಈ ಹಿರಿತನವು ನಮ್ಮವರಿಗೂ ಅಪರಿಚಿತವಾದುದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಓದಿ, ಮುಂದೆ ಮಾಲಕರೂ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದವರು ಈ ನಗರದಲ್ಲಿ ಎಷ್ಟು ಮಂದಿ! ಆ ಶಾಲೆಗಳ ಮಾಸ್ತರರು ಅಕ್ಷರವನ್ನಷ್ಟೇ ಕಲಿಸಿದವರಲ್ಲ. ಹುಡುಗನು ಎರಡು ದಿನ ಕಾಣದಿದ್ದರೆ ಹೋಟೆಲಿನ ಹಿಂಬಾಗಿಲಿಗೆ ಬಂದು ವಿಚಾರಿಸಿದವರು. ಗಿರಾಕಿಗಳ ನೂಕುನುಗ್ಗಲಿನ ಹೊತ್ತಿನಲ್ಲಿಯೂ 'ಹೋಗು ಮಗಾ, ಶಾಲೆಗೆ ಹೊತ್ತಾಯಿತು' ಎಂದು ಕಳುಹಿಸಿಕೊಟ್ಟ ಧಣಿಗಳೂ ನಮ್ಮಲ್ಲಿದ್ದರು. ಕೈಯೆತ್ತಿದವರೂ ಇದ್ದರು, ಅದನ್ನು ಮರೆಯಬಾರದು. ಇಂದು ಆ ರಾತ್ರಿಶಾಲೆಗಳಲ್ಲಿ ಅನೇಕವು ಮುಚ್ಚಿವೆ. ಉಳಿದವುಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದೆ.

ಕಾಲವೂ ಬದಲಾಗಿದೆ. ಹದಿನಾಲ್ಕಕ್ಕಿಂತ ಕಿರಿಯ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. 2016ರ ತಿದ್ದುಪಡಿಯು ಅಪಾಯದ ಕೆಲಸಗಳಿಂದ ಹದಿನೆಂಟು ತುಂಬದವರನ್ನೂ ದೂರವಿಟ್ಟಿದೆ. ಇದು ಆಗಲೇಬೇಕಾಗಿದ್ದ ಸುಧಾರಣೆ. ಆದರೆ ಕಾನೂನು ಹುಡುಗನನ್ನು ದುಡಿಮೆಯಿಂದ ಬಿಡಿಸಬಲ್ಲದು. ಅವನಿಗೆ ಹಿರಿಯನನ್ನು ಕೊಡಲಾರದು. ಇಂದು ನಮ್ಮ ಹೋಟೆಲುಗಳಿಗೆ ಬರುವ ಹದಿನೆಂಟು ಹತ್ತೊಂಬತ್ತರ ತರುಣರಲ್ಲಿ ಹಲವರು ಉತ್ತರದ ದೂರದ ರಾಜ್ಯಗಳವರು; ನಮ್ಮ ಭಾಷೆ ಅರಿಯದವರು. ಹಿಂದೆ ನಮ್ಮವರು ಈ ನಗರದಲ್ಲಿ ಎಷ್ಟು ಒಂಟಿಯಾಗಿದ್ದರೋ ಇಂದು ಅವರು ಅಷ್ಟೇ ಒಂಟಿ. ಕೈಯಲ್ಲಿ ಮೊಬೈಲು ಇದೆಯೆಂದ ಮಾತ್ರಕ್ಕೆ ಒಂಟಿತನ ನೀಗುವುದಿಲ್ಲ.

ಈ ನಗರಗಳಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ; ವಾರ್ಷಿಕೋತ್ಸವಗಳಿಗೂ ಸನ್ಮಾನಗಳಿಗೂ ಕೊರತೆಯಿಲ್ಲ. ಪ್ರತಿಯೊಂದು ಸಂಘವೂ ತನ್ನ ಸದಸ್ಯರಲ್ಲಿ ಹತ್ತು ಮಂದಿ ನಂಬಿಕಸ್ಥರನ್ನು ಪರೀಕ್ಷಿಸಿ ಆರಿಸಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಕಿಶೋರನ ಹೊಣೆಯನ್ನು ಒಪ್ಪಿಸಲಿ. ವಾರಕ್ಕೆ ಒಂದು ಗಂಟೆ; ಆದರೆ ವರ್ಷಕ್ಕೆ ಕಡಿಮೆಯಿಲ್ಲದಂತೆ. ಹೆಣ್ಣುಮಕ್ಕಳ ಹೊಣೆಯನ್ನು ಹೆಂಗಸರು ವಹಿಸಲಿ. ಹೋಟೆಲು ಮಾಲಕರು ತಮ್ಮಲ್ಲಿ ದುಡಿಯುವ ತರುಣನ ಸಂಬಳವು ಅವನದೇ ಬ್ಯಾಂಕು ಖಾತೆಗೆ ಸೇರುವಂತೆ, ವಾರದ ರಜೆಯು ತಪ್ಪದಂತೆ, ಪರೀಕ್ಷೆಗೆ ಕಟ್ಟುವವನಿಗೆ ಬಿಡುವು ದೊರೆಯುವಂತೆ ನೋಡಿಕೊಳ್ಳಲಿ. ಇವನ್ನು ಬಾಯಿಮಾತಿಗೆ ಬಿಡದೆ, ಟ್ಯೂರಿನ್ನಿನ ಆ ಬಡಗಿಯಂತೆ ಕಾಗದದ ಮೇಲೆ ಬರೆದು ರುಜು ಹಾಕಲಿ. ತಪ್ಪನ್ನು ಮಾತಿನಿಂದ ತಿದ್ದುವೆನು, ಕೈಯೆತ್ತುವುದಿಲ್ಲ ಎಂಬ ಷರತ್ತು ಅದರಲ್ಲಿ ಮೊದಲನೆಯದಾಗಿರಲಿ.